ಆಟಕ್ಕೂ ಒಂದಿಷ್ಟು ನೀರು

ಬಾಗಲಕೋಟೆ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಮುಟ್ಟುವುದಿಲ್ಲ. ಶಾಲೆಗೆ ಬೇಸಿಗೆ ರಜೆ ಬೀಳುವ ಹೊತ್ತಿಗೆ ಬಿಸಿಲು 40 ಡಿಗ್ರಿಯ ಆಚೀಚೆ. ಕೊಡಗಳನ್ನು ಸಾಲಿಗಿಟ್ಟು ನೀರು ಹಿಡಿದ ಈ ಊರುಗಳು ಮಕ್ಕಳ ಆಟಕ್ಕೂ ಒಂದಿಷ್ಟು ನೀರನ್ನು ಎತ್ತಿಟ್ಟುಕೊಂಡೇ ಬಂದಿವೆ, ವಾಟರ್ ಪಾರ್ಕ್ ಎಂಬ ಹೆಸರು ಇತ್ತ ಕಡೆ ಕೇಳಿಬರುವ ಬಹಳ ಮುಂಚಿನಿಂದ.

ಬಾದಾಮಿ ಹತ್ತಿರದ ಮಹಾಕೂಟವನ್ನೇ ನೋಡಿ. ಚಾಲುಕ್ಯರ ಕಾಲದ ಗುಡಿಗಳ ನಡುವೆ ಬುಗ್ಗೆ ನೀರು ತುಂಬುವ ಪುಷ್ಕರಿಣಿ ಇದೆ. ದೇವರ ದರ್ಶನಕ್ಕೆಂದು ಬಂದ ಹುಡುಗರು ಕಟ್ಟೆಯ ಮೇಲಿಂದ ಅದರೊಳಗೆ ಧುಮುಕುತ್ತಾರೆ, ದೊಡ್ಡವರೂ ಇಳಿಯುತ್ತಾರೆ. ಬಾಗಲಕೋಟೆಯ ಹೋಳಿ ಇನ್ನೊಂದು ಬಗೆಯ ಜಲಕ್ರೀಡೆ. ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳ ಜನ ಬಂಡಿಗಳಲ್ಲಿ ಬಣ್ಣದ ಬ್ಯಾರಲ್ ಹೇರಿಕೊಂಡು, ಹಲಗೆ ಬಾರಿಸುತ್ತ ದಿನಗಟ್ಟಲೆ ಆಡುವ ಆ ಹಬ್ಬದಲ್ಲಿ ಇಡೀ ಊರೇ ಆಟದ ಬಯಲು. ಕಾಯಂ ಕಟ್ಟಡ, ಟಿಕೆಟ್ಟು ಯಾವುದೂ ಬೇಕಾಗಲಿಲ್ಲ. ಬೇಕಾದದ್ದು ಕೂಡಿ ಆಡುವ ಮನಸ್ಸು ಮಾತ್ರ.

ಯಂತ್ರದ ಆಟ ಬಂದದ್ದು ಜಾತ್ರೆಯ ಜೊತೆ. ಅದಕ್ಕಿಂತ ಮುಂಚೆ ಇದ್ದುದು ಪಂಚಮಿಯ ಜೋಕಾಲಿ, ಮರದ ಟೊಂಗೆಗೆ ಕಟ್ಟಿದ ಹಗ್ಗ. 1893ರಲ್ಲಿ ಶಿಕಾಗೋದ ಮೇಳಕ್ಕಾಗಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ ನಿಲ್ಲಿಸಿದ ದೈತ್ಯ ಚಕ್ರದ ಮರಿಮಕ್ಕಳು ಬಾದಾಮಿ ಬನಶಂಕರಿ ಜಾತ್ರೆಗೂ ಬಂದವು. ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ವಾರಗಟ್ಟಲೆ ನಿಲ್ಲುವ ಈ ಜಾತ್ರೆ ನಾಟಕ ಕಂಪನಿಗಳಿಗೆ ಹೆಸರುವಾಸಿ. ದೊಡ್ಡವರು ಟೆಂಟಿನೊಳಗೆ ರಾತ್ರಿಯಿಡೀ ನಾಟಕ ನೋಡಿದರೆ ಮಕ್ಕಳ ಕಣ್ಣು ತಿರುಗುವ ತೊಟ್ಟಿಲ ಮೇಲೆ, ಬೆಂಡು ಬತ್ತಾಸಿನ ಅಂಗಡಿಗಳ ಮೇಲೆ. ಒಂದು ಸುತ್ತಿಗೆ ಇಷ್ಟು ಎಂಬ ಲೆಕ್ಕ. ಕೈಯಲ್ಲಿದ್ದಷ್ಟು ಕೊಟ್ಟು ಆಡಿ ಬರಬಹುದಿತ್ತು. ಬಾಗಿಲಲ್ಲೇ ಇಡೀ ದಿನದ ಟಿಕೆಟ್ ಕೇಳುವ ಪಾರ್ಕುಗಳ ಮುಂದೆ ನಿಂತಾಗ ಈ ಲೆಕ್ಕದ ಬೆಲೆ ಹೆಚ್ಚು ಅರ್ಥವಾಗುತ್ತದೆ.

ಆಟಕ್ಕೆಂದೇ ಬೇಲಿ ಹಾಕಿದ ಕಾಯಂ ಊರಿನ ಕಲ್ಪನೆ 1955ರ ಡಿಸ್ನಿಲ್ಯಾಂಡ್‌ನಿಂದ ಜಗತ್ತಿಗೆ ಹಬ್ಬಿತು. ನೀರಿನ ಪಾರ್ಕು ಇಂದಿನ ರೂಪ ಪಡೆದದ್ದು 1977ರಲ್ಲಿ, ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಜಾರ್ಜ್ ಮಿಲ್ಲೆ ತೆರೆದ ವೆಟ್ ಅಂಡ್ ವೈಲ್ಡ್‌ನಲ್ಲಿ. ನಮ್ಮಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿಯ ಹೆಸರಲ್ಲಿ ದೆಹಲಿಯ ಅಪ್ಪು ಘರ್ 1984ರಲ್ಲಿ ಬಾಗಿಲು ತೆರೆಯಿತು. 1989ರಲ್ಲಿ ಮುಂಬೈಯ ಎಸ್ಸೆಲ್ ವರ್ಲ್ಡ್, 1995ರಲ್ಲಿ ಚೆನ್ನೈಯ ಕಿಷ್ಕಿಂತಾ ಬಂದವು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2005ರಲ್ಲಿ ಬಿಡದಿ ಬಳಿ ವಂಡರ್‌ಲಾ ಆರಂಭಿಸಿದರು. ಇಳಕಲ್ಲಿನ ಮಗುವಿಗೆ ಅದು ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಶಾಲಾ ಪ್ರವಾಸದ ಪಟ್ಟಿಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಸೀಮೆಯ ಮಕ್ಕಳಿಗೆ ಹತ್ತಿರದಲ್ಲೇ ದೊಡ್ಡ ಆಟದ ತಾಣವೊಂದನ್ನು ಕೊಟ್ಟದ್ದು ಆಲಮಟ್ಟಿ. ಅದು ವಿಜಯಪುರ ಜಿಲ್ಲೆಗೆ ಸೇರಿದರೂ ಬಾಗಲಕೋಟೆಯ ನೆರೆಮನೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಅಣೆಕಟ್ಟು 2006ರಲ್ಲಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾಯಿತು. 519.6 ಮೀಟರ್ ಮಟ್ಟದಲ್ಲಿ 123 ಟಿಎಂಸಿ ಅಡಿ ನೀರು ನಿಲ್ಲುವ ಈ ಜಲಾಶಯದ ಬದಿಯಲ್ಲಿ ಕಲ್ಲಿನ ಉದ್ಯಾನ, ಮೊಘಲ್ ಶೈಲಿಯ ತೋಟ, ಸಂಗೀತ ಕಾರಂಜಿ, ದೋಣಿವಿಹಾರ ಒಂದೊಂದಾಗಿ ಬೆಳೆದವು. ಅಣೆಕಟ್ಟಿನ ಮಗ್ಗುಲಲ್ಲಿ ಉದ್ಯಾನ ಬೆಳೆಸುವ ದಾರಿಯನ್ನು ಕನ್ನಡನಾಡಿಗೆ ತೋರಿಸಿದ್ದು ಕೃಷ್ಣರಾಜಸಾಗರದ ಬೃಂದಾವನ. ಆಲಮಟ್ಟಿ ಅದನ್ನು ಬಿಸಿಲುನಾಡಿಗೆ ತಂದಿತು. ಕಲ್ಲಿನ ಉದ್ಯಾನದಲ್ಲಿ ಪ್ರಾಣಿ, ಪಕ್ಷಿ, ಮೀನುಗಳ ಆಕೃತಿಗಳ ನಡುವೆ ಮಕ್ಕಳು ಓಡಾಡುವುದನ್ನು, ಕತ್ತಲಾದ ಮೇಲೆ ಕಾರಂಜಿಯ ಮುಂದೆ ನೆಲದ ಮೇಲೆ ಕುಳಿತ ಹಳ್ಳಿಯ ಕುಟುಂಬಗಳನ್ನು ನೋಡಿದವರಿಗೆ ಸರ್ಕಾರದ ದುಡ್ಡು ಇಲ್ಲಿ ಸಾರ್ಥಕವಾಗಿದೆ ಎಂದು ಅನ್ನಿಸದೆ ಇರದು. ಬಾದಾಮಿ, ಬಾಗಲಕೋಟೆ, ಆಲಮಟ್ಟಿ ಮೂರೂ ಗದಗ–ಹೋಟಗಿ ರೈಲು ಮಾರ್ಗದಲ್ಲಿವೆ. ಇಳಕಲ್ಲು, ಹುನಗುಂದದವರಿಗೆ ಸೊಲ್ಲಾಪುರದ ಹೆದ್ದಾರಿಯುಂಟು. ಇಷ್ಟು ಸಲೀಸಾಗಿ ತಲುಪಬಹುದಾದ್ದರಿಂದಲೇ ಅದು ಬಡವರ ಪಾರ್ಕೂ ಆಗಿ ಉಳಿದಿದೆ.

ಆ ನೀರಿನ ಹಿಂದೆ ನೋವೂ ಇದೆ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಒಂದು ಭಾಗ ಮುಳುಗಿತು, ಮನೆ ಕಳೆದುಕೊಂಡವರಿಗಾಗಿ ನವನಗರ ಎದ್ದಿತು. ಮುಳುಗಡೆಯಲ್ಲಿ ಅಂಗಳ, ಓಣಿ, ಹೊಳೆದಂಡೆ ಕಳೆದುಕೊಂಡವರ ಮೊಮ್ಮಕ್ಕಳು ಅದೇ ನೀರಿನ ದಡಕ್ಕೆ ಆಡಲು ಹೋಗುತ್ತಾರೆ. ಅವರಿಗೆ ಒಳ್ಳೆಯ ಆಟದ ತಾಣ ಸಿಗಬೇಕಾದದ್ದು ನ್ಯಾಯ. ಅದನ್ನು ಉಪಕಾರವೆಂದು ಎಣಿಸಬಾರದು.

ಈಗ ಉತ್ತರ ಕರ್ನಾಟಕದ ಊರುಗಳ ಹೊರವಲಯದಲ್ಲೂ ಜಾರುಬಂಡೆ, ಅಲೆಗೊಳ, ಕೃತಕ ಮಳೆಯ ಕುಣಿತದ ಚಿಕ್ಕ ಪಾರ್ಕುಗಳು ತಲೆಯೆತ್ತುವ ಕಾಲ. ಅಲೆ ಏಳುವುದು ಗಾಳಿಯ ಒತ್ತಡದಿಂದ ಇಲ್ಲವೇ ಹಲಗೆಗಳ ತಳ್ಳಾಟದಿಂದ. ಫೈಬರ್ ಜಾರುಬಂಡೆಯ ಮೇಲೆ ಹರಿಯುವ ನೀರಿನ ತೆಳುಪದರವೇ ಮಗುವನ್ನು ಸರಾಗವಾಗಿ ಇಳಿಸುತ್ತದೆ. ಕೊಳದ ನೀರು ಮರಳಿನ ಫಿಲ್ಟರ್ ಹಾಯ್ದು, ಕ್ಲೋರಿನ್ ಬೆರೆತು ಮತ್ತೆ ಕೊಳಕ್ಕೇ ಬರುತ್ತದೆ. ಹತ್ತಿ ಬಟ್ಟೆಯ ಎಳೆ ಫಿಲ್ಟರಿಗೆ ಸಿಕ್ಕಿಕೊಳ್ಳುವುದರಿಂದಲೇ ನೈಲಾನ್ ಉಡುಪಿನ ನಿಯಮ. ಹೀಗೆ ತಿರುಗಿ ತಿರುಗಿ ಬಳಸಿದರೆ ಬರದ ಜಿಲ್ಲೆಯಲ್ಲೂ ಇಂಥ ಪಾರ್ಕು ನಡೆಸಬಹುದು. ದಿನಾ ಬೋರ್‌ವೆಲ್ ನೀರು ತುಂಬಿ ಚೆಲ್ಲುವುದಾದರೆ ನಡೆಸಬಾರದು. ಕ್ಲೋರಿನ್ ಅಳತೆ, ಆಟಕ್ಕೆ ತಕ್ಕ ಮಕ್ಕಳ ಎತ್ತರದ ನಿಯಮ, ಪ್ರತಿ ಕೊಳದ ಬದಿಗೊಬ್ಬ ಈಜು ಬಲ್ಲ ಕಾವಲುಗಾರ: ಈ ಮೂರನ್ನು ವಿಚಾರಿಸದೆ ಮಕ್ಕಳನ್ನು ನೀರಿಗೆ ಇಳಿಸಬೇಡಿ.

ಇಂಥ ಪಾರ್ಕಿನ ಥೀಮಿನ ವಿಷಯಕ್ಕೆ ಬಂದರೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯೇ ಮಾದರಿ. ದೊಡ್ಡಾಟಕ್ಕಾಗಿಯೂ ದುಡಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಸಿಮೆಂಟ್ ಶಿಲ್ಪಗಳಾಗಿ ನಿಂತಿದೆ. ಅಷ್ಟೇ ಪ್ರೀತಿಯಿಂದ ನೋಡಿದರೆ ಬಾದಾಮಿಯಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಗುಹೆಗಳ ಜಗಲಿಯ ಪಟ್ಟಿಯಲ್ಲಿ ಡೊಳ್ಳುಹೊಟ್ಟೆಯ ಗಣಗಳು ಕುಣಿಯುತ್ತಿವೆ. ಮೊದಲ ಗುಹೆಯ ದ್ವಾರಪಾಲಕನ ಕೆಳಗಿನ ಶಿಲ್ಪದಲ್ಲಿ ಒಂದೇ ತಲೆ ಒಮ್ಮೆ ಎತ್ತಿನದಾಗಿ, ಒಮ್ಮೆ ಆನೆಯದಾಗಿ ಕಾಣುತ್ತದೆ. ಕೆತ್ತಲು ಇಳಕಲ್ಲಿನ ಕೆಂಪು ಗ್ರಾನೈಟ್ ಇದೆ. ಜಿಲ್ಲೆಯಲ್ಲಿ ಮುಂದೆ ಪಾರ್ಕು ಕಟ್ಟುವವರು ಪ್ಲಾಸ್ಟಿಕ್ಕಿನ ಡೈನೋಸಾರ್ ತರಿಸುವ ಮೊದಲು ತಮ್ಮ ವಿನ್ಯಾಸಕಾರರನ್ನು ಒಂದು ದಿನ ಆ ಗುಹೆಗಳಿಗೆ ಕರೆದೊಯ್ಯಲಿ, ಜೊತೆಗೆ ನಾಲ್ಕು ಮಕ್ಕಳನ್ನೂ.