ನಿಧಾನವಾಗಿ ಓಡುವ ಹಳೆಯ ಜೇಬುಗಡಿಯಾರ: ರಿಪೇರಿಗೆ ಮೊದಲು

ದಿಂಡಿಗಲ್, ತೇನಿ, ಕಂಬಂ ಕಣಿವೆಯ ನಮ್ಮ ಸದಸ್ಯರಲ್ಲಿ ಯಾರ ಮನೆಯಲ್ಲಾದರೂ ಅಜ್ಜನ ಕಾಲದ ಜೇಬುಗಡಿಯಾರವಿದ್ದು, ಅದು ದಿನವೂ ಹಿಂದೆ ಬೀಳುತ್ತಿದ್ದರೆ ಈ ಟಿಪ್ಪಣಿ ಅವರಿಗಾಗಿ. ಹಿಂದಿನ ಮುಚ್ಚಳ ತೆಗೆದು ರೆಗ್ಯುಲೇಟರ್ ಕಡ್ಡಿಯನ್ನು ತಳ್ಳಿಬಿಡೋಣ ಎನಿಸುವುದು ಸಹಜ. ಆದರೆ ಅದು ಕೊನೆಯ ಕೆಲಸ.

ಕಾರಣಗಳು

ಇಂಥ ಬಹಳಷ್ಟು ಗಡಿಯಾರಗಳು ಗಂಟೆಗೆ 18,000 ಸಲ, ಅಂದರೆ ದಿನಕ್ಕೆ 4,32,000 ಸಲ ಬಡಿಯುತ್ತವೆ. ಅದರಲ್ಲಿ 1,500 ಬಡಿತ ಕಡಿಮೆಯಾದರೆ 5 ನಿಮಿಷ ಹಿಂದೆ. ಹೆಚ್ಚಾಗಿ ಕಾರಣ, ಎಣ್ಣೆ ಒಣಗಿ ಧೂಳಿನೊಂದಿಗೆ ಅಂಟಾಗಿರುವುದು. ಮೇನ್‌ಸ್ಪ್ರಿಂಗ್ ಸೋತಿರಬಹುದು, ಚಕ್ರದ ಅಚ್ಚಿನ ತುದಿ ಸವೆದಿರಬಹುದು.

ಬಿಸಿಲೂ ಒಂದು ಕಾರಣ. ಸಾದಾ ಹಿತ್ತಾಳೆಯ ಬ್ಯಾಲೆನ್ಸ್ ಚಕ್ರ, ಉಕ್ಕಿನ ಹೇರ್‌ಸ್ಪ್ರಿಂಗ್ ಇರುವ ಗಡಿಯಾರ ಒಂದು ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ ದಿನಕ್ಕೆ ಸುಮಾರು 11 ಸೆಕೆಂಡ್ ಹಿಂದೆ ಬೀಳುತ್ತದೆ. ಬೋಡಿಮೆಟ್ಟಿನ ತಂಪಿನಲ್ಲಿ ಸರಿಯಿದ್ದದ್ದು, 10 ಡಿಗ್ರಿ ಹೆಚ್ಚು ಬಿಸಿಯಿರುವ ಕೆಳಗಿನ ಊರಿಗೆ ಬಂದರೆ ಸುಮಾರು 2 ನಿಮಿಷ ತಪ್ಪುತ್ತದೆ. ಅದು ಕೆಟ್ಟಿದೆ ಎಂದಲ್ಲ.

ಮನೆಯಲ್ಲೇ ಪರೀಕ್ಷೆ

1. ಬೆಳಿಗ್ಗೆ ಪೂರ್ತಿ ಕೀ ಕೊಟ್ಟು, ಮೊಬೈಲ್ ಸಮಯಕ್ಕೆ ಹೊಂದಿಸಿ.
2. ಒಂದು ದಿನ ಮುಖ ಮೇಲಾಗಿ ಮಲಗಿಸಿ. ಮರುದಿನ ಮತ್ತೆ ಕೀ ಕೊಟ್ಟು, ಬಳೆ ಹಿಡಿದು ತೂಗುಹಾಕಿ.
3. 12 ಗಂಟೆಗೊಮ್ಮೆ ವ್ಯತ್ಯಾಸ ಬರೆದಿಡಿ.

ತೂಗುಹಾಕಿದಾಗ ಬಹಳ ನಿಧಾನವಾದರೆ, ಅಥವಾ ಮೊದಲರ್ಧ ದಿನ ಸರಿಯಿದ್ದು ಆಮೇಲೆ ಹಿಂದೆ ಬಿದ್ದರೆ ಸರ್ವಿಸ್ ಬೇಕು. ಈಚೆಗೆ ಸರ್ವಿಸ್ ಆಗಿದ್ದು, ಎರಡೂ ದಿನ ಒಂದೇ ಸಮನೆ ತಪ್ಪುತ್ತಿದ್ದರೆ ಮಾತ್ರ ರೆಗ್ಯುಲೇಟರ್ ಮುಟ್ಟಿ.

ರೆಗ್ಯುಲೇಟರ್ ಸರಿಸುವುದು

ಕಡ್ಡಿಯ ಬಳಿ ‘ಎಸ್’ ಮತ್ತು ‘ಎಫ್’, ಅಥವಾ ಫ್ರೆಂಚ್ ರೀತಿಯಲ್ಲಿ ‘ಆರ್’ ಮತ್ತು ‘ಎ’ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ವೇಗ ಹೆಚ್ಚಿಸಲು ‘ಎಫ್’ ಅಥವಾ ‘ಎ’ ಕಡೆಗೆ ಮರದ ಹಲ್ಲುಕಡ್ಡಿಯಿಂದ ಕೂದಲೆಳೆಯಷ್ಟು ಮಾತ್ರ ಸರಿಸಿ, ಒಂದು ದಿನ ಕಾಯಿರಿ. ಪಕ್ಕದ ಹೇರ್‌ಸ್ಪ್ರಿಂಗ್‌ಗೆ ಕಡ್ಡಿ ತಾಗಿದರೆ ಅದು ಸೊಟ್ಟಗಾಗಿ ದೊಡ್ಡ ರಿಪೇರಿಯಾಗುತ್ತದೆ.

ಅಂಗಡಿಗೆ ಕೊಡುವಾಗ

ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಲೇಬೇಡಿ. ಮುಖ ಮತ್ತು ಒಳಭಾಗದ ಫೋಟೋ ತೆಗೆದಿಡಿ. ಪೂರ್ತಿ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕುತ್ತಾರೆಯೇ ಎಂದು ಕೇಳಿ. ಬದಲಾಯಿಸಿದ ಹಳೆಯ ಭಾಗಗಳನ್ನು ವಾಪಸ್ ಪಡೆಯಿರಿ. ಹೊಳಪು ಕೊಡಿಸಬೇಡಿ, ಮುಚ್ಚಳದ ಮೇಲೆ ಕೆತ್ತಿದ ಹಿರಿಯರ ಹೆಸರು ಸವೆದುಹೋದೀತು. ದಿನಕ್ಕೆ ಒಂದು ನಿಮಿಷ ತಪ್ಪುವ ಗಡಿಯಾರವನ್ನು ಬೆಳಿಗ್ಗೆ ತಿದ್ದಿಕೊಳ್ಳಬಹುದು. ಹೋದ ಹೆಸರು ಮತ್ತೆ ಬಾರದು.