ತಿರುಗುವ ಯಂತ್ರಕ್ಕೆ ಕೈಯಿಟ್ಟವರು

ಗಿರಣಿಯಲ್ಲಿ ಬೆರಳು ಹೋಯಿತೆಂದರೆ ‘ಅಜಾಗರೂಕತೆ’ ಎಂದು ಬರೆದು ಕಾಗದವನ್ನು ಮಡಚಿಡುವುದು ಸುಲಭ. ಓಡುತ್ತಿರುವ ಯಂತ್ರವನ್ನು ಯಾರಾದರೂ ಒರಸಲು ಹೋಗುವರೆ? ಹೋಗುತ್ತಿದ್ದರು. ನಿಂತ ಯಂತ್ರ ನೂಲು ಕೊಡದು; ತಯಾರಾದ ಮಾಲಿನ ಮೇಲೆ ಕೂಲಿ ಎಣಿಸುವವನಿಗೆ ಯಂತ್ರ ನಿಂತ ಪ್ರತಿ ನಿಮಿಷವೂ ನಷ್ಟವೇ.

ಹತ್ತೊಂಬತ್ತನೆಯ ಶತಮಾನದ ಮ್ಯಾಂಚೆಸ್ಟರಿನಲ್ಲಿ ‘ಮ್ಯೂಲ್’ ಎಂಬ ನೂಲುವ ಯಂತ್ರವಿತ್ತು. ಅದರ ಒಂದು ಭಾಗ ಗಾಲಿಗಳ ಮೇಲೆ ಸುಮಾರು ಐದು ಅಡಿ ಮುಂದೆ ಬಂದು ನೂಲನ್ನೆಳೆದು ಮತ್ತೆ ಹಿಂದಕ್ಕೆ ಸರಿಯುತ್ತಿತ್ತು. ನೂಲಿನ ಕೆಳಗೆ ಬಿದ್ದ ಹತ್ತಿಯ ಕಸವನ್ನು ಬಳಿಯಲು ಚಿಕ್ಕ ಮಕ್ಕಳು ತೆವಳಿಕೊಂಡು ಹೋಗಬೇಕು. ಗಾಲಿ ಮರಳುವುದರೊಳಗೆ ಹೊರಬರಬೇಕು. (ಯಂತ್ರ ನಿಲ್ಲುವ ಊಟದ ಹೊತ್ತಿನಲ್ಲಿಯೂ ಎಷ್ಟೋ ಮಕ್ಕಳಿಗೆ ಒರಸುವ ಕೆಲಸವೇ!) ತಾನಾಗಿ ನಡೆಯುವ ಯಂತ್ರದ ಸ್ಥಿರಭಾಗಕ್ಕೂ ಚಲಿಸುವ ಭಾಗಕ್ಕೂ ನಡುವೆ ಎಳೆಯರನ್ನು ದುಡಿಸಕೂಡದೆಂದು ಇಂಗ್ಲೆಂಡು ಕಾಯಿದೆ ಮಾಡಿದ್ದು 1844ರಲ್ಲಿ.

ನಮ್ಮ ಮುಂಬಯಿಯಲ್ಲಿ ಕಾವಸಜಿ ದಾವರರ ಗಿರಣಿ 1856ರಲ್ಲಿ ನೂಲು ತೆಗೆಯಿತು. ಮೊದಲ ಕಾರ್ಖಾನೆ ಕಾಯಿದೆ ಬರಲು 1881 ಆಯಿತು. ಅದು ಅಪಾಯದ ಯಂತ್ರಗಳಿಗೆ ಬೇಲಿ ಕೇಳಿತು. ಏಳು ತುಂಬಿದ ಮಗುವಿಗೆ ಗಿರಣಿಯ ಬಾಗಿಲನ್ನು ತೆರೆದೇ ಇಟ್ಟಿತು! ಒಬ್ಬನೇ ಆಳು ಹೆಚ್ಚು ಯಂತ್ರಗಳನ್ನು ನೋಡಿಕೊಳ್ಳಬೇಕೆಂಬ ಯೋಜನೆ 1928ರ ಮಹಾ ಮುಷ್ಕರಕ್ಕೆ ಒಂದು ಕಾರಣವಾಯಿತು.

1948ರ ಕಾಯಿದೆ ಓಡುವ ಯಂತ್ರದ ಅಪಾಯದ ಭಾಗಗಳನ್ನು ಹೆಂಗಸರೂ ಎಳೆಯರೂ ಒರಸದಂತೆ ತಡೆಯಿತು. ಪ್ರಾಯದ ಗಂಡಸರಿಗೆ ಅದು ನೇರವಾಗಿ ಅನ್ವಯಿಸಲಿಲ್ಲ. ಅವರನ್ನೂ ತಡೆಯುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಬಿಟ್ಟಿತು.

ಹತ್ತಿಯನ್ನು ಹಿಂಜುವ ಕಾರ್ಡಿಂಗ್ ಯಂತ್ರದ ವಿಷಯ ಇನ್ನೂ ಕಠಿಣ. ಅದರ ದೊಡ್ಡ ಉರುಳೆಯ ಮೈತುಂಬ ಸಣ್ಣ ತಂತಿಯ ಹಲ್ಲುಗಳು. ಶಕ್ತಿಯನ್ನು ಕಡಿದರೂ ಭಾರದಿಂದಲೇ ಅದು ಕೆಲವು ನಿಮಿಷ ತಿರುಗುತ್ತಿರುತ್ತದೆ. ನಿಲ್ಲಿಸಿದ್ದೇನಲ್ಲ ಎಂದು ಬಾಗಿಲು ತೆಗೆದು ಕೈಯಿಟ್ಟರೆ ಮುಗಿಯಿತು. ಆದುದರಿಂದಲೇ ಆ ಕಾಯಿದೆಯ ಕೆಳಗೆ ರಚಿತವಾದ ನಿಯಮಗಳು, ಉರುಳೆ ಪೂರ್ತಿ ನಿಲ್ಲುವವರೆಗೆ ತೆರೆಯದ, ಬಾಗಿಲು ಮುಚ್ಚದೆ ಯಂತ್ರವನ್ನು ಹೊರಡಗೊಡದ ಬೀಗವನ್ನು ಕೇಳಿದವು. ಗೋಡೆಗೆ ಹಚ್ಚಿದ ನೂರು ಎಚ್ಚರಿಕೆಯ ಹಲಗೆಗಳಿಗಿಂತ ಆ ಬೀಗ ಮೇಲೆಂದು ನನ್ನ ಮತ.

ಬೆರಳು ಹೋದವರಿಗೆ ಪರಿಹಾರ ಕೊಡಿಸಿದ್ದು 1923ರ ಕಾಯಿದೆ. ಅದರ ತಿದ್ದಿದ ಪಟ್ಟಿಯಲ್ಲಿ ದುಡಿಮೆಯ ಶಕ್ತಿಯ ನಷ್ಟವನ್ನು ಹೀಗೆ ಎಣಿಸಿದ್ದರು: ಹೆಬ್ಬೆರಳಿಗೆ ಶೇಕಡ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳಿಗೆ 7, ಕಿರುಬೆರಳಿಗೂ 7. ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕನ್ನು ಕೂಡಿದರೆ 40. ಆದರೆ ಒಂದೇ ಕೈಯ ಆ ನಾಲ್ಕೂ ಹೋದರೆ ಪಟ್ಟಿಯಲ್ಲಿದ್ದುದು 50. ಬ್ಯಾಂಕಿನ ಗುಮಾಸ್ತನಾದ ನಾನು ಎರಡು ಸಲ ಕೂಡಿ ನೋಡಿದೆ. ಪಟ್ಟಿ ಬರೆದವರು ತಪ್ಪಿರಲಿಲ್ಲ.