ಲಾರ್ಡ್ ಆಫ್ ಲೈಟ್

ಅಮೆರಿಕದ ಲೇಖಕ ರಾಜರ್ ಜೆಲಾಜ್ನಿ (1937–1995) ಬರೆದ ಇಂಗ್ಲಿಷ್ ಕಾದಂಬರಿ. 1967ರಲ್ಲಿ ಡಬಲ್‌ಡೇ ಸಂಸ್ಥೆ ಪ್ರಕಟಿಸಿತು. ಮರುವರ್ಷ ಇದಕ್ಕೆ ವೈಜ್ಞಾನಿಕ ಕಥಾಸಾಹಿತ್ಯದ ಹ್ಯೂಗೋ ಪ್ರಶಸ್ತಿ ಸಂದಿತು. ಹಿಂದೂ ದೇವತೆಗಳ ವೇಷದಲ್ಲಿ ಆಳುತ್ತಿರುವವರ ಮೇಲೆ ಒಬ್ಬಾತ ಬೌದ್ಧಧರ್ಮವನ್ನೇ ಆಯುಧ ಮಾಡಿಕೊಂಡು ಹೂಡುವ ಬಂಡಾಯ ಇದರ ವಸ್ತು.

ಜೆಲಾಜ್ನಿ ಹುಟ್ಟಿದ್ದು ಒಹಾಯೋ ರಾಜ್ಯದ ಯೂಕ್ಲಿಡ್‌ನಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಕಾಲದ ನಾಟಕಗಳನ್ನು ಓದಿದ ಈತ ಹೊಟ್ಟೆಪಾಡಿಗೆ ಸರ್ಕಾರದ ಸಾಮಾಜಿಕ ಭದ್ರತಾ ಇಲಾಖೆಯಲ್ಲಿ ನೌಕರಿ ಮಾಡುತ್ತ ಬಿಡುವಿನಲ್ಲಿ ಬರೆಯುತ್ತಿದ್ದ. ಗ್ರೀಕ್ ಪುರಾಣದ ನೆರಳಿದ್ದ ಈತನ ಹಿಂದಿನ ಕಾದಂಬರಿ 1966ರಲ್ಲಿ ಫ್ರಾಂಕ್ ಹರ್ಬರ್ಟನ 'ಡ್ಯೂನ್' ಜತೆ ಹ್ಯೂಗೋ ಪ್ರಶಸ್ತಿ ಹಂಚಿಕೊಂಡಿತ್ತು. ಆಮೇಲೆ ಈತ ಕೈಹಾಕಿದ್ದು ಭಾರತದ ಪುರಾಣಗಳಿಗೆ. ಪಶ್ಚಿಮದವರ ಭಾರತದ ಒಲವಿಗೆ ಗುರುತಾಗಿ ನೆನೆಯುವ ಬೀಟಲ್ಸ್ ತಂಡ ಋಷಿಕೇಶಕ್ಕೆ ಬಂದದ್ದು 1968ರಲ್ಲಿ. ಕಾದಂಬರಿ ಅದಕ್ಕೂ ಮುಂಚಿನದು.

ಕಥೆ ನಡೆಯುವುದು ಭೂಮಿಯಿಂದ ಬಹು ದೂರದ ಒಂದು ಗ್ರಹದಲ್ಲಿ. 'ಸ್ಟಾರ್ ಆಫ್ ಇಂಡಿಯಾ' ಎಂಬ ನೌಕೆಯಲ್ಲಿ ಅಲ್ಲಿಗೆ ಬಂದಿಳಿದವರ ಪೈಕಿ ಕೆಲವರು ಯಂತ್ರವಿದ್ಯೆಯನ್ನೆಲ್ಲ ತಮ್ಮ ಮುಷ್ಟಿಯಲ್ಲಿಟ್ಟುಕೊಂಡು ಬ್ರಹ್ಮ, ವಿಷ್ಣು, ಶಿವ, ಕಾಳಿ, ಯಮ ಎಂಬ ಹೆಸರಿನಲ್ಲಿ ಸ್ವರ್ಗದ ಪಟ್ಟಣ ಕಟ್ಟಿಕೊಂಡಿದ್ದಾರೆ. ಅದೇ ವಲಸೆಗಾರರ ಸಂತತಿ ಕೆಳಗೆ ಪ್ರಜೆಗಳಾಗಿ ಬದುಕುತ್ತಿದೆ. ಮುದಿ ದೇಹದಿಂದ ಹೊಸ ದೇಹಕ್ಕೆ ಮನಸ್ಸನ್ನು ದಾಟಿಸುವ ಯಂತ್ರವಿರುವುದರಿಂದ ಪುನರ್ಜನ್ಮ ಇಲ್ಲಿ ನಂಬಿಕೆಯ ಮಾತಲ್ಲ, ಕಚೇರಿಯ ವ್ಯವಹಾರ. ಜನ ಪ್ರಾರ್ಥನಾ ಯಂತ್ರಕ್ಕೆ ನಾಣ್ಯ ಹಾಕಿ ಪುಣ್ಯ ಜಮಾ ಮಾಡುತ್ತಾರೆ. ಹೊಸ ದೇಹ ಬೇಡಿ ಬಂದವರ ಮನಸ್ಸನ್ನು ಕರ್ಮಾಧಿಪತಿಗಳು ಯಂತ್ರವಿಟ್ಟು ಶೋಧಿಸುತ್ತಾರೆ. ನಿಷ್ಠೆಯಲ್ಲಿ ಕೊರತೆ ಕಂಡರೆ ರೋಗದ ದೇಹವೋ ಪ್ರಾಣಿಯ ದೇಹವೋ ಗತಿ. ಕೆಳಗಿನವರು ಮುದ್ರಣಯಂತ್ರವನ್ನು ಮತ್ತೆ ಕಂಡುಹಿಡಿದರೆ ದೇವತೆಗಳು ಅದನ್ನು ಹೊಸಕಿಹಾಕುತ್ತಾರೆ. ಅಕ್ಷರ ಹರಡಿದರೆ ತಮ್ಮ ದೈವತ್ವ ಉಳಿಯದೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇವರನ್ನು ಎದುರಿಸುವವನು ಮಹಾಸಮಾತ್ಮನ್. ಹೆಸರಿನ ಹಿಂದುಮುಂದು ಕತ್ತರಿಸಿ ಬರೀ ಸ್ಯಾಮ್ ಎಂದು ಕರೆಸಿಕೊಳ್ಳುವುದು ಅವನಿಗಿಷ್ಟ. ಇವನೂ ಮೊದಲು ಬಂದವರಲ್ಲೊಬ್ಬ. ದೇವತೆಗಳ ಮತವನ್ನು ಒಳಗಿನಿಂದ ಸಡಿಲಿಸಲು ಭೂಮಿಯ ನೆನಪಿನಿಂದ ಬುದ್ಧನ ಬೋಧನೆಯನ್ನು ತೆಗೆದು, ತಾನೇ ಬುದ್ಧನೆಂದು ಸಾರುತ್ತಾನೆ. ಅವನಿಗೆ ಅದರಲ್ಲಿ ನಂಬಿಕೆಯಿಲ್ಲ. ಕಾದಂಬರಿಯ ನಿಜವಾದ ಎತ್ತರ ಕಾಣುವುದು ಈ ಘಟ್ಟದಲ್ಲಿ. ಅವನನ್ನು ಕೊಲ್ಲಲು ಕಾಳಿ ಕಳಿಸಿದ ರಿಲ್ಡ್ ಎಂಬಾತ ದಾರಿಯಲ್ಲಿ ಜ್ವರ ಬಂದು ಬೀಳುತ್ತಾನೆ. ಭಿಕ್ಷುಗಳ ಆರೈಕೆಯಿಂದ ಚೇತರಿಸಿಕೊಂಡು ಅಲ್ಲೇ ಉಳಿಯುತ್ತಾನೆ. ಉಪದೇಶ ಮಾಡಿದವನಿಗೆ ಸಿಗದ ಜ್ಞಾನ ಕೇಳಿಸಿಕೊಂಡವನಿಗೆ ಸಿಗುತ್ತದೆ. ಮುಂದೆ ಸ್ಯಾಮ್‌ನ ಪ್ರಾಣ ತೆಗೆಯಲು ಸ್ವತಃ ಯಮನೇ ಬಂದಾಗ ರಿಲ್ಡ್ ಅಡ್ಡ ನಿಂತು, ಗೆಲ್ಲಲಾರೆನೆಂದು ತಿಳಿದೂ ಹೋರಾಡಿ ಸಾಯುತ್ತಾನೆ. ನಿಜವಾದ ಬುದ್ಧ ಅವನೇ ಎಂದು ಸ್ಯಾಮ್ ಒಪ್ಪಿಕೊಳ್ಳುತ್ತಾನೆ. ಮತವನ್ನು ಕೇವಲ ಮೋಸವೆಂದು ತಳ್ಳಿಹಾಕುವ ಸುಲಭದ ದಾರಿಯನ್ನು ಲೇಖಕ ಬಿಟ್ಟುಕೊಟ್ಟಿರುವುದು ಇಲ್ಲಿಯೇ. ಕೃತಿ ಬಾಳಿಕೆ ಬಂದಿರುವುದಕ್ಕೂ ಇದೇ ಮುಖ್ಯ ಕಾರಣ.

ಮೂರನೆಯ ಮತವೂ ಇದೆ. ನೌಕೆಯಲ್ಲಿ ಕ್ರೈಸ್ತ ಪಾದ್ರಿಯಾಗಿದ್ದವನು ನಿರ್ಋತಿ ಎಂಬ ಹೆಸರಿನಲ್ಲಿ ಜೀವಚ್ಛವಗಳ ಸೇನೆ ಕಟ್ಟಿ ದೇವತೆಗಳ ಮೇಲೆ ಸಮರ ಸಾರುತ್ತಾನೆ. ಈ ಭಾಗ ಅವಸರದ್ದು, ಪಾತ್ರವೂ ತೆಳು.

ಏಳು ಅಧ್ಯಾಯಗಳಲ್ಲಿ ಮೊದಲನೆಯದರ ಮುಂದುವರಿಕೆ ಸಿಗುವುದು ಕೊನೆಯದರಲ್ಲಿ. ನಡುವಿನವೆಲ್ಲ ಹಿಂದೆ ನಡೆದ ಸಂಗತಿಗಳು. ಆರಂಭದಲ್ಲಿ ಸ್ಯಾಮ್‌ನನ್ನು ಪ್ರಾರ್ಥನಾ ಯಂತ್ರದ ಬಲದಿಂದ ನಿರ್ವಾಣದಿಂದ ಮರಳಿ ಕರೆಸುವವನು ಯಮ. ಇದೇ ಯಮ ಹಿಂದೆ ಅವನ ಬೇಟೆಗೆ ಹೊರಟವನೆಂಬುದು ಓದುಗರಿಗೆ ತಿಳಿಯುವುದು ತಡವಾಗಿ. ವೈಜ್ಞಾನಿಕ ಕಥೆಯೋ ಅದ್ಭುತ ಕಥೆಯೋ ಎಂಬುದನ್ನು ಜೆಲಾಜ್ನಿ ಬೇಕೆಂದೇ ಅಸ್ಪಷ್ಟವಾಗಿ ಉಳಿಸಿದ್ದಾನೆ.

ಭಾರತೀಯ ಓದುಗರಿಗೆ ಕೊರತೆಗಳೂ ಕಾಣುತ್ತವೆ. ಇಲ್ಲಿನ ಹಿಂದೂಧರ್ಮ ಪುಸ್ತಕಗಳಿಂದ ಬಂದದ್ದು. ದೇವರೊಡನೆ ಜಗಳವಾಡುವ, ಸಲಿಗೆಯಿಂದ ಗದರುವ ಭಕ್ತಿ ಇದರಲ್ಲಿ ಇಲ್ಲವೇ ಇಲ್ಲ. ಆದರೆ ಬೌದ್ಧ ಮತ್ತು ವೈದಿಕ ಮತಗಳ ಪೈಪೋಟಿ ಲೇಖಕ ಹುಟ್ಟಿಸಿಕೊಂಡದ್ದಲ್ಲ. ಬುದ್ಧನನ್ನು ವಿಷ್ಣುವಿನ ದಶಾವತಾರಗಳಲ್ಲಿ ಒಂದೆಂದು ಎಣಿಸಿ ಒಳಗೆ ಸೇರಿಸಿಕೊಂಡ ಪರಂಪರೆ ನಮ್ಮದು. ಎದುರಾಳಿಯನ್ನು ಹೊಡೆದಟ್ಟುವುದಕ್ಕಿಂತ ಪೂಜಿಸಿ ಅರಗಿಸಿಕೊಳ್ಳುವುದು ಎಷ್ಟು ಪರಿಣಾಮಕಾರಿಯೆಂದು ಬಲ್ಲವರಿಗೆ ಈ ಕಥೆಯ ರಾಜಕೀಯ ಬೇಗ ತಟ್ಟುತ್ತದೆ.

ಕಾದಂಬರಿಯನ್ನು ಸಿನಿಮಾ ಮಾಡಲು 1979ರಲ್ಲಿ ಬ್ಯಾರಿ ಗೆಲ್ಲರ್ ಎಂಬ ನಿರ್ಮಾಪಕ ಹೊರಟ. ಹೆಸರಾಂತ ಕಾಮಿಕ್ಸ್ ಚಿತ್ರಕಾರ ಜ್ಯಾಕ್ ಕರ್ಬಿ ದೇವನಗರದ ದೃಶ್ಯಗಳನ್ನು ಬರೆದುಕೊಟ್ಟ. ಆ ಸೆಟ್ಟುಗಳನ್ನೇ ಕೊಲರಾಡೋದ ಅರೋರಾದಲ್ಲಿ ವಿಹಾರೋದ್ಯಾನವಾಗಿ ಉಳಿಸಿಕೊಳ್ಳುವ ಕನಸೂ ಇತ್ತು. ಹಣಕಾಸಿನ ಹಗರಣದಲ್ಲಿ ಎಲ್ಲ ಕುಸಿಯಿತು. ಆದರೆ ಆ ಚಿತ್ರಕಥೆಗೆ ಬೇರೊಂದು ಉಪಯೋಗ ಕಾದಿತ್ತು. ಅದೇ ವರ್ಷದ ನವೆಂಬರ್ 4ರಂದು ಟೆಹ್ರಾನಿನ ಅಮೆರಿಕ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡರು. ಅಲ್ಲಿಂದ ತಪ್ಪಿಸಿಕೊಂಡ ಆರು ಮಂದಿ ಅಮೆರಿಕನ್ನರಿಗೆ ಕೆನಡಾದ ರಾಜತಾಂತ್ರಿಕರು ತಮ್ಮ ಮನೆಗಳಲ್ಲಿ ಆಶ್ರಯ ಕೊಟ್ಟರು. ಅವರನ್ನು ಹೊರತರಲು ಸಿಐಎಯ ಟೋನಿ ಮೆಂಡೆಜ್ ಸಿನಿಮಾ ಚಿತ್ರೀಕರಣಕ್ಕೆ ಜಾಗ ಹುಡುಕುವ ತಂಡದ ವೇಷ ಹೂಡಿದ. ಮೇಕಪ್ ಕಲಾವಿದ ಜಾನ್ ಚೇಂಬರ್ಸ್ ಗೆಲ್ಲರ್‌ನ ಯೋಜನೆಯಲ್ಲೂ ಇದ್ದವನು. ನಿಂತುಹೋದ ಚಿತ್ರಕಥೆಯನ್ನೂ ಕರ್ಬಿಯ ಚಿತ್ರಗಳನ್ನೂ ಅವನೇ ಒದಗಿಸಿದ. 'ಆರ್ಗೋ' ಎಂದು ಹೆಸರು ಬದಲಾಯಿತು. ಹಾಲಿವುಡ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಕಚೇರಿ ತೆರೆದು, 1980ರ ಜನವರಿ ಕೊನೆಯಲ್ಲಿ ಆರೂ ಮಂದಿಯನ್ನು ವಿಮಾನ ಹತ್ತಿಸಿದರು.

ಈ ಕಾರ್ಯಾಚರಣೆಯ ಗುಟ್ಟು 1997ರಲ್ಲಿ ಬಯಲಾಯಿತು. ಅದನ್ನು ಆಧರಿಸಿ ಬೆನ್ ಆಫ್ಲೆಕ್ 2012ರಲ್ಲಿ ನಿರ್ದೇಶಿಸಿದ 'ಆರ್ಗೋ' ಶ್ರೇಷ್ಠ ಚಿತ್ರಕ್ಕಿರುವ ಆಸ್ಕರ್ ಗೆದ್ದಿತು. ಅಷ್ಟರಲ್ಲಿ ಜೆಲಾಜ್ನಿ ತೀರಿಕೊಂಡು ಹದಿನೇಳು ವರ್ಷವಾಗಿತ್ತು. ದೇವತೆಗಳ ಪೈಪೋಟಿಯನ್ನೇ ವಸ್ತುವಾಗಿಸಿಕೊಂಡ 'ಅಮೆರಿಕನ್ ಗಾಡ್ಸ್' (2001) ಕಾದಂಬರಿಯನ್ನು ನೀಲ್ ಗೇಮನ್ ಅರ್ಪಿಸಿದ್ದು ಲೇಖಕಿ ಕ್ಯಾಥಿ ಆಕರ್ ಮತ್ತು ಜೆಲಾಜ್ನಿಯ ನೆನಪಿಗೆ.